ಪಿರೇಯಸ್‌ನಿಂದ ಕ್ರೀಟ್‌ಗೆ: ರಾತ್ರಿ ಹಡಗು ಹತ್ತುವವರಿಗೆ

ನಾನು ಲಾಂಚಿನ ಊರಿನವಳು. ಲಿಂಗನಮಕ್ಕಿಯ ಹಿನ್ನೀರು ಮೂರು ಕಡೆಯಿಂದ ಸುತ್ತಿಕೊಂಡ ತುಮರಿ ಸೀಮೆಯಲ್ಲಿ ಬೆಳೆದವರಿಗೆ ಸಾಗರ ಪೇಟೆಗೆ ಹೋಗುವುದೆಂದರೆ ಕಳಸವಳ್ಳಿಯ ದಡದಲ್ಲಿ ನಿಂತು, ಆಚೆ ದಡದಿಂದ ಲಾಂಚು ಬಿಟ್ಟಿತೋ ಇಲ್ಲವೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುವುದೇ ಆಗಿತ್ತು. ಆಮೇಲೆ ಹೊಟ್ಟೆಪಾಡು ನನ್ನನ್ನು ಗ್ರೀಸ್ ದೇಶದ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿಗೆ ತಂದಿತು. ಹಡಗು ವ್ಯವಹಾರದ ಕಚೇರಿಯೊಂದರಲ್ಲಿ ಮೂರು ವರ್ಷ ಲೆಕ್ಕ ಬರೆದೆ. ಆ ಅವಧಿಯಲ್ಲಿ ಕ್ರೀಟ್ ದ್ವೀಪಕ್ಕೆ ಹನ್ನೊಂದು ಸಲ ಹಡಗಿನಲ್ಲಿ ಹೋಗಿಬಂದಿದ್ದೇನೆ. ಕೊನೆಯ ಸಲ, 2024ರ ಮೇ ತಿಂಗಳಲ್ಲಿ, ಅಪ್ಪಯ್ಯ ಮತ್ತು ಅಮ್ಮ ಜೊತೆಗಿದ್ದರು. ವಯಸ್ಸಾದವರನ್ನು ಕರೆದುಕೊಂಡು ಹೋದಾಗಲೇ ದಾರಿಯ ನಿಜವಾದ ಏರಿಳಿತ ತಿಳಿಯುವುದು. ಈಗ ಬರೆಯುತ್ತಿರುವುದು ಹೆಚ್ಚಾಗಿ ಆ ಪ್ರಯಾಣದ ಲೆಕ್ಕ.

ಅಥೆನ್ಸ್‌ನಿಂದ ಕ್ರೀಟ್‌ಗೆ ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಹಡಗಿಗೆ ಒಂಬತ್ತು ಗಂಟೆ ಬೇಕು. ಆದರೂ ಹಡಗೇ ಸರಿ ಎನ್ನುತ್ತೇನೆ. ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಹತ್ತಿ ಮಲಗಿದರೆ ಬೆಳಗ್ಗೆ ಆರರ ಸುಮಾರಿಗೆ ದ್ವೀಪ. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿಯಿತು, ಹಗಲು ವ್ಯರ್ಥವಾಗಲಿಲ್ಲ. ಇನ್ನೊಂದು ಕಾರಣ ನನ್ನ ಸ್ವಂತದ್ದು. ವಿಮಾನದಲ್ಲಿ ಪ್ರವಾಸಿಗರೇ ತುಂಬಿರುತ್ತಾರೆ. ರಾತ್ರಿ ಹಡಗಿನಲ್ಲಿ ಟೊಮೆಟೊ ಲಾರಿಯ ಚಾಲಕ, ರಜೆಗೆ ಹೊರಟ ಸೈನಿಕ, ಅಥೆನ್ಸ್‌ನ ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಿಕೊಂಡು ಊರಿಗೆ ಮರಳುವ ಅಜ್ಜಿ ಎಲ್ಲರೂ ಇರುತ್ತಾರೆ. ಅದು ಅವರ ಬಸ್ಸು. ಅಪ್ಪಯ್ಯ ಹತ್ತಿದ ಐದು ನಿಮಿಷಕ್ಕೇ ಅದನ್ನು ಗುರುತಿಸಿದರು: "ಇಲ್ಲಿಯೂ ಆಸ್ಪತ್ರೆಗೆ ದಡ ದಾಟಿಯೇ ಹೋಗಬೇಕು ಅನ್ನು."

ಮೊದಲು ಯಾವ ಬಂದರು ಎಂದು ತೀರ್ಮಾನಿಸಿ. ಪಿರೇಯಸ್‌ನಿಂದ ಕ್ರೀಟ್‌ನ ಎರಡು ಮುಖ್ಯ ಊರುಗಳಿಗೆ ರಾತ್ರಿ ಹಡಗುಗಳಿವೆ. ಒಂದು ಹೆರಾಕ್ಲಿಯನ್. ಗ್ರೀಕರ ಬಾಯಲ್ಲಿ ಅದು ಇರಾಕ್ಲಿಯೋ. ಫಲಕಗಳಲ್ಲಿ ಎರಡೂ ರೂಪ ಕಾಣಿಸುತ್ತವೆ, ಗಾಬರಿಯಾಗಬೇಡಿ. ಇನ್ನೊಂದು ಪಶ್ಚಿಮದ ಹನ್ಯಾ. ಹನ್ಯಾ ಚೆಂದದ ಊರು, ಆದರೆ ಹಡಗು ನಿಲ್ಲುವುದು ಊರಿನಿಂದ ಏಳು ಕಿಲೋಮೀಟರ್ ಆಚೆಯ ಸೂದಾ ಕೊಲ್ಲಿಯಲ್ಲಿ. ಅಲ್ಲಿಂದ ಬಸ್ ಹಿಡಿಯಬೇಕು. ಹೆರಾಕ್ಲಿಯನ್‌ನಲ್ಲಿ ಇಳಿದರೆ ಬಸ್ ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ, ಊರಿಗೆ ನಡೆದೇ ಹೋಗಬಹುದು. ಹಿರಿಯರಿದ್ದರೆ ಹೆರಾಕ್ಲಿಯನ್‌ಗೇ ಹೋಗಿ. ದಿನಗಳು ಕೈಯಲ್ಲಿದ್ದರೆ ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಮರಳುವುದು ಎಲ್ಲಕ್ಕಿಂತ ಒಳ್ಳೆಯದು. ನಡುವಿನ ದಾರಿ ಸುಮಾರು 140 ಕಿಲೋಮೀಟರ್, ಬಸ್ಸುಗಳು ದಿನವಿಡೀ ಓಡುತ್ತವೆ.

ಟಿಕೆಟನ್ನು ಮೊಬೈಲಿನಲ್ಲೇ ಕೊಳ್ಳಬಹುದು. ಪ್ರತಿಯೊಬ್ಬ ಪ್ರಯಾಣಿಕನ ಹೆಸರು, ಹುಟ್ಟಿದ ದಿನ, ಲಿಂಗ, ದೇಶ ಎಲ್ಲವನ್ನೂ ಕೇಳುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ತುಂಬಿಸಿ. ನಮ್ಮವರಿಗೆ ಎಡವಟ್ಟಾಗುವುದು ಇಲ್ಲೇ. ಅಪ್ಪಯ್ಯನ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಆ ಅಂಕಣ ಖಾಲಿ ಬಿಟ್ಟರೆ ಮುಂದಿನ ಪುಟವೇ ತೆರೆಯುವುದಿಲ್ಲ. ನಾನು ಒಂದೇ ಹೆಸರನ್ನು ಎರಡೂ ಕಡೆ ಬರೆದೆ, ಹತ್ತುವಾಗ ಯಾರೂ ತಕರಾರು ಮಾಡಲಿಲ್ಲ. ಗ್ರೀಸ್ ಒಳಗಿನ ಪ್ರಯಾಣವಾದ್ದರಿಂದ ವಲಸೆ ತಪಾಸಣೆ ಇರುವುದಿಲ್ಲ, ಮೊಹರು ಒತ್ತುವುದಿಲ್ಲ. ಆದರೂ ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಯ ತಳದಲ್ಲಿ ಬೇಡ.

ಹಡಗಿನಲ್ಲಿ ಜಾಗ ನಾಲ್ಕು ಬಗೆ. ಎಲ್ಲಕ್ಕಿಂತ ಅಗ್ಗದ್ದು ಡೆಕ್ ಟಿಕೆಟ್. ಹೆಸರು ಡೆಕ್ ಎಂದಿದ್ದರೂ ಬಯಲಿನಲ್ಲೇ ಕೂರಬೇಕೆಂದೇನಿಲ್ಲ. ಒಳಗಿನ ಕಾಫಿ ಅಂಗಡಿಯ ಸೋಫಾ, ಕುರ್ಚಿ ಯಾವುದು ಖಾಲಿಯೋ ಅದು ನಿಮ್ಮದು. ಎರಡನೆಯದು ವಿಮಾನದಂಥ ಸೀಟು, ನಂಬರ್ ಹಾಕಿದ್ದು. ಮೂರನೆಯದು ನಾಲ್ವರ ಕ್ಯಾಬಿನ್ನಿನಲ್ಲಿ ಒಂದು ಮಂಚ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ನಾಲ್ಕನೆಯದು ಇಡೀ ಕ್ಯಾಬಿನ್. ಮೊದಲ ವರ್ಷ ನಾನು ವಿಮಾನದ ಸೀಟು ಕೊಂಡು ಜಾಣೆಯೆಂದುಕೊಂಡೆ. ಆ ಕೋಣೆಯಲ್ಲಿ ಎಸಿಯ ಚಳಿಗೆ ಹಲ್ಲು ಕಟಕಟಿಸಿದವು, ಸೀಟು ಪೂರ್ತಿ ಒರಗಲಿಲ್ಲ, ಹಿಂದಿನ ಸಾಲಿನಲ್ಲಿ ಯಾರೋ ರಾತ್ರಿಯಿಡೀ ಚಿಪ್ಸ್ ಪೊಟ್ಟಣ ಬಿಚ್ಚುತ್ತಿದ್ದರು. ಡೆಕ್ ಟಿಕೆಟಿನವರು ಹೊರಗೆ ಸೋಫಾದಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಆದ್ದರಿಂದ ನನ್ನ ಲೆಕ್ಕ ಸರಳ: ಗಟ್ಟಿ ಬೆನ್ನಿನವರು ಡೆಕ್ ಕೊಳ್ಳಿ, ಐವತ್ತು ದಾಟಿದವರು ಕ್ಯಾಬಿನ್ ಕೊಳ್ಳಿ, ನಡುವಿನ ಸೀಟನ್ನು ಮರೆತುಬಿಡಿ. ಕ್ಯಾಬಿನ್ನಿನಲ್ಲಿ ಕಿಟಕಿ ಬೇಕೆಂದು ಹೆಚ್ಚು ಹಣ ಕೊಡಬೇಡಿ. ರಾತ್ರಿ ಕಿಟಕಿಯಾಚೆ ಕತ್ತಲು ಬಿಟ್ಟರೆ ಏನಿರುತ್ತದೆ? ಪುಟ್ಟ ಬಚ್ಚಲು, ಶವರ್ ಎಲ್ಲ ಕ್ಯಾಬಿನ್ನಿಗೂ ಇರುತ್ತದೆ. ಅಮ್ಮ ಬೆಳಗ್ಗೆ ಐದಕ್ಕೆ ಸಮುದ್ರದ ಮಧ್ಯೆ ಬಿಸಿನೀರಿನ ಸ್ನಾನ ಮಾಡಿದ್ದನ್ನು ಇಂದಿಗೂ ಊರವರಿಗೆ ಹೇಳುತ್ತಾರೆ. ಕ್ರೀಟ್‌ನ ಪುರಾತನ ಅರಮನೆಯ ಅವಶೇಷವಾದ ಕ್ನೋಸೋಸ್ ಏನಾಯಿತು ಎಂದರೆ "ಕಲ್ಲುಗಳು" ಎನ್ನುತ್ತಾರೆ.

ಎರಡು ಕಾಲಗಳಲ್ಲಿ ಮಾತ್ರ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ಮಾಡಿಸಿ: ಗ್ರೀಕರ ಈಸ್ಟರ್ ಮತ್ತು ಆಗಸ್ಟ್ 15, ಅವರ ಮಾತೆ ಮೇರಿಯ ದೊಡ್ಡ ಹಬ್ಬ. ನಮ್ಮಲ್ಲಿ ದೀಪಾವಳಿಯ ಹಿಂದಿನ ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್ ಹೇಗಿರುತ್ತದೆಯೋ ಪಿರೇಯಸ್ ಆಗ ಹಾಗಿರುತ್ತದೆ. ಅವರ ಈಸ್ಟರ್ ಇತರರ ಈಸ್ಟರಿನ ದಿನವೇ ಬರುತ್ತದೆಂದು ನಂಬಬೇಡಿ. 2024ರಲ್ಲಿ ಅದು ಮೇ 5ರಂದು ಬಿತ್ತು. ನಾವು ಅದಾದ ಎರಡು ವಾರಕ್ಕೆ ಹೋದೆವು, ಹಡಗು ಅರ್ಧ ಖಾಲಿಯಿತ್ತು.

ಇನ್ನು ಬಂದರು ತಲುಪುವುದು. ಅಥೆನ್ಸ್ ವಿಮಾನ ನಿಲ್ದಾಣದಿಂದ ನೀಲಿ ಮೆಟ್ರೊ ಈಗ ನೇರವಾಗಿ ಪಿರೇಯಸ್‌ಗೆ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಈ ಮಾರ್ಗ ಪೂರ್ಣಗೊಂಡ ಮೇಲೆ ನಡುವೆ ಬದಲಿಸುವ ತಾಪತ್ರಯ ಹೋಯಿತು. ಸುಮಾರು ಒಂದು ಗಂಟೆಯ ದಾರಿ. ಮೆಟ್ರೊ ಇಲ್ಲದ ಸರಿರಾತ್ರಿಯಲ್ಲೂ ಎಕ್ಸ್96 ಎಂಬ ಬಸ್ ಓಡುತ್ತದೆ. ಊರೊಳಗಿನಿಂದ ಬರುವವರಿಗೆ ಹಸಿರು ಮಾರ್ಗ. ಅಥೆನ್ಸ್‌ನಿಂದ ಪಿರೇಯಸ್‌ಗೆ ರೈಲು ಓಡಲು ಶುರುವಾಗಿದ್ದು 1869ರಲ್ಲಿ; ಇಂದಿನ ಹಸಿರು ಮಾರ್ಗಕ್ಕೆ ಅದೇ ಬೇರು. ಅದರಲ್ಲಿ ಜೇಬುಗಳ್ಳರೂ ಓಡಾಡುತ್ತಾರೆ, ಪರ್ಸನ್ನು ಮುಂಭಾಗದಲ್ಲಿ ಹಿಡಿದುಕೊಳ್ಳಿ.

ಬಂದರಿನಲ್ಲಿ ಇಳಿದ ಮೇಲೆ ಒಂದು ಕೆಲಸವನ್ನು ಮಾತ್ರ ಮಾಡಬೇಡಿ: ಎದುರಿಗೆ ಕಂಡ ದೊಡ್ಡ ಹಡಗಿನತ್ತ ನಡೆಯುವುದು. ನಾನು ಮೊದಲ ಸಲ ಅದನ್ನೇ ಮಾಡಿದೆ. ಪಿರೇಯಸ್ ಎಂದರೆ ಒಂದು ದಡವಲ್ಲ, ಕುದುರೆ ಲಾಳದಂತೆ ಬಾಗಿದ ಉದ್ದನೆಯ ದಂಡೆ. ಇ1ರಿಂದ ಇ12ರವರೆಗೆ ಗೇಟುಗಳು. ಮೆಟ್ರೊದ ಎದುರಿಗಿರುವುದು ಇ6, ಇ7. ಅಲ್ಲಿಂದ ಹೊರಡುವವು ಪಾರೋಸ್, ನಾಕ್ಸೋಸ್ ಮೊದಲಾದ ಬೇರೆ ದ್ವೀಪಗಳ ಹಡಗುಗಳು. ಕ್ರೀಟ್ ಹಡಗುಗಳು ಸಾಮಾನ್ಯವಾಗಿ ಇ2, ಇ3ರ ಕಡೆ. ನಾನು ಇ7ರ ಸಾಲಿನಲ್ಲಿ ಅರ್ಧ ಗಂಟೆ ನಿಂತೆ. ಟಿಕೆಟ್ ತೋರಿಸಿದಾಗ ಯಂತ್ರ ಕೀರಲಿತು, ಅಲ್ಲಿದ್ದವನು ನೀರಿನಾಚೆ ಬೆರಳು ತೋರಿಸಿದ. ಚಕ್ರದ ಪೆಟ್ಟಿಗೆಯನ್ನು ದರದರ ಎಳೆದುಕೊಂಡು ಓಡಿ, ಬಂದರಿನೊಳಗೇ ಓಡುವ ಪುಕ್ಕಟೆ ಬಸ್ ಹಿಡಿದು, ಹಡಗು ಹೊರಡಲು ಹತ್ತು ನಿಮಿಷವಿರುವಾಗ ಹತ್ತಿದೆ. ಜೀವನವಿಡೀ ಕೊನೆಯ ಲಾಂಚ್ ತಪ್ಪಿಸದ ಹುಡುಗಿ! ಊರಿಗೆ ಫೋನ್ ಮಾಡಿದಾಗ ಈ ವಿಷಯ ಹೇಳಲಿಲ್ಲ. ಟಿಕೆಟಿನ ಮೇಲೆ ಗೇಟ್ ಸಂಖ್ಯೆ ನೋಡಿ. ಇಲ್ಲದಿದ್ದರೆ ಹೊರಡುವ ದಿನ ಮಧ್ಯಾಹ್ನ ಹಡಗು ಕಂಪನಿಗೆ ಕರೆ ಮಾಡಿ ಕೇಳಿ. ಒಂದೂವರೆ ಗಂಟೆ ಮುಂಚೆ ಬಂದರಿನಲ್ಲಿರಿ. ಕಾರು ಒಯ್ಯುವವರು ಇನ್ನೂ ಬೇಗ ಬರಬೇಕು. ಕಾರಿನಲ್ಲಿ ಕುಳಿತು ಒಳಗೆ ಹೋಗುವುದು ಚಾಲಕ ಮಾತ್ರ, ಉಳಿದವರು ನಡೆದು ಹತ್ತಬೇಕು.

ಹಡಗು ದಡಕ್ಕೆ ಬೆನ್ನು ಹಾಕಿ ನಿಲ್ಲುತ್ತದೆ. ಹಿಂಬದಿಯ ದೊಡ್ಡ ಬಾಗಿಲು ಕೆಳಗೆ ಮಡಚಿಕೊಂಡು ಸೇತುವೆಯಾಗುತ್ತದೆ. ಲಾರಿ, ಬೈಕು, ಮನುಷ್ಯರು ಎಲ್ಲರೂ ಅದರ ಮೇಲೆಯೇ. ನಮ್ಮ ಲಾಂಚಿನ ಹಲಗೆಯನ್ನು ನೂರು ಪಟ್ಟು ಹಿಗ್ಗಿಸಿದರೆ ಹೀಗಿದ್ದೀತು. ಲಾರಿಗಳು ಹಿಮ್ಮುಖವಾಗಿ ಬರುವಾಗ ಬದಿಯಲ್ಲೇ ನಡೆಯಿರಿ, ಮೊಬೈಲ್ ನೋಡುತ್ತಾ ಬೇಡ. ಒಳಗೆ ಎಸ್ಕಲೇಟರ್ ಅಥವಾ ಲಿಫ್ಟ್ ಇರುತ್ತದೆ. ಸಾಮಾನು ಸಮೇತ ಮೇಲೆ ಸ್ವಾಗತ ಕೌಂಟರಿಗೆ ಹೋದರೆ ಕ್ಯಾಬಿನ್ನಿನ ಕೀಲಿಕಾರ್ಡ್ ಕೊಡುತ್ತಾರೆ. ಔಷಧಿ, ಶಾಲು ಯಾವುದನ್ನೂ ಕಾರಿನಲ್ಲಿ ಬಿಟ್ಟು ಬರಬೇಡಿ. ಹಡಗು ಹೊರಟ ಮೇಲೆ ವಾಹನಗಳ ಅಂತಸ್ತಿಗೆ ಬೀಗ ಬೀಳುತ್ತದೆ.

ಆ ಅಂತಸ್ತಿನಲ್ಲಿ ಲಾರಿಗಳನ್ನು ನೆಲಕ್ಕೆ ಸರಪಳಿಯಿಂದ ಬಿಗಿಯುವುದನ್ನು ಅಪ್ಪಯ್ಯ ನಿಂತು ನೋಡಿದರು. ಆ ಸರಪಳಿಗೆ ಒಂದು ಕಥೆಯಿದೆ. 1966ರ ಡಿಸೆಂಬರ್ 7ರ ರಾತ್ರಿ ಸೂದಾದಿಂದ ಪಿರೇಯಸ್‌ಗೆ ಹೊರಟ 'ಇರಾಕ್ಲಿಯೋ' ಎಂಬ ಹಡಗಿನಲ್ಲಿ ಬಿರುಗಾಳಿಗೆ ಶೀತಲ ಲಾರಿಯೊಂದು ಕಟ್ಟು ಕಳಚಿ ಪಕ್ಕದ ಬಾಗಿಲಿಗೆ ಬಡಿಯಿತು. ನೀರು ನುಗ್ಗಿ, ಫಾಲ್ಕೊನೇರಾ ಎಂಬ ಬಂಡೆದ್ವೀಪದ ಬಳಿ ಹಡಗು ಮುಳುಗಿತು. ಸತ್ತವರು ಇನ್ನೂರಕ್ಕೂ ಹೆಚ್ಚು. ಮರುವರ್ಷವೇ ಹನ್ಯಾದ ಜನ, ಬಿಷಪ್ ಇರಿನೇಯೋಸ್ ಮುಂದಾಳತ್ವದಲ್ಲಿ, ರೈತರಿಂದ, ಅಂಗಡಿಯವರಿಂದ ಷೇರು ಹಣ ಕೂಡಿಸಿ ಅನೆಕ್ ಎಂಬ ಸ್ವಂತ ಹಡಗು ಕಂಪನಿ ಕಟ್ಟಿದರು. 1972ರಲ್ಲಿ ಹೆರಾಕ್ಲಿಯನ್‌ನವರೂ ಮಿನೋವನ್ ಲೈನ್ಸ್ ಶುರು ಮಾಡಿದರು. ಕ್ರೀಟ್ ದಾರಿಯಲ್ಲಿ ಇಂದಿಗೂ ನೀವು ಕೇಳುವ ಹೆಸರುಗಳು ಇವೇ, ಒಡೆತನ ಮಾತ್ರ ಈಗ ದೊಡ್ಡ ಸಮೂಹಗಳ ಕೈಯಲ್ಲಿದೆ. ಇದನ್ನು ಹೇಳಿದಾಗ ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವು ಅರವತ್ತು ವರ್ಷ ಸೇತುವೆ ಕೊಡಿ ಎಂದು ಅರ್ಜಿ ಬರೆದೆವು. ಇವರು ಹಡಗನ್ನೇ ಕೊಂಡರಲ್ಲ ಕೂಸೇ." ನಮ್ಮ ಸೇತುವೆಯೂ ಆಮೇಲೆ ಆಯಿತು, 2025ರ ಜುಲೈ 14ರಂದು ಉದ್ಘಾಟನೆ. ಆ ಮೇ ತಿಂಗಳಲ್ಲಿ ಅದರ ಕೆಲಸ ಇನ್ನೂ ಮುಗಿದಿರಲಿಲ್ಲ.

ಊಟದ ವಿಷಯ ವಿವರವಾಗಿ ಹೇಳಬೇಕು, ನಮ್ಮವರ ಅರ್ಧ ಚಿಂತೆ ಅದೇ. ಮನೆಯ ಬುತ್ತಿ ತಂದು ತಿಂದರೆ ಹಡಗಿನಲ್ಲಿ ಯಾರೂ ಏನೂ ಅನ್ನುವುದಿಲ್ಲ. ಗ್ರೀಕರೇ ಪೊಟ್ಟಣ ಬಿಚ್ಚಿ ಕೂರುತ್ತಾರೆ. ಬಂದರಿನ ಗಾಡಿಗಳಲ್ಲಿ ಕುಲೂರಿ ಎಂಬ ಎಳ್ಳು ಮೆತ್ತಿದ ಬ್ರೆಡ್ಡಿನ ಬಳೆ ಸಿಗುತ್ತದೆ, ಕೈಯಗಲದ ಕೋಡುಬಳೆಯಂತೆ. ನಾಲ್ಕು ಕೊಂಡಿಟ್ಟುಕೊಳ್ಳಿ. ಹಡಗಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ಹೋಗುವ ಪದ್ಧತಿ. ಸಸ್ಯಾಹಾರಿಗಳು ನೋಡಬೇಕಾದ್ದು ಇವು: ಟೊಮೆಟೊ ಸಾರಿನಲ್ಲಿ ಬೆಂದ ದಪ್ಪ ಅವರೆಯಂಥ ಬೀಜ, ಅದಕ್ಕೆ ಯಿಗಾಂದೆಸ್ ಎನ್ನುತ್ತಾರೆ, ತರಕಾರಿಗಳನ್ನು ಎಣ್ಣೆಯಲ್ಲಿ ಬೇಯಿಸಿದ ಬ್ರಿಯಾಮ್, ಪಾಲಕಿನ ಸ್ಪನಕೋಪಿತಾ. ಸ್ಪನಕೋಪಿತಾಕ್ಕೆ ಮೊಟ್ಟೆ ಹಾಕುವುದುಂಟು, ಕೇಳಿ ತೆಗೆದುಕೊಳ್ಳಿ. ಉಪವಾಸದ ಅಡುಗೆಗೆ ಅವರು 'ನಿಸ್ತೀಸಿಮೊ' ಎನ್ನುತ್ತಾರೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಇದನ್ನು ಕಲಿತು ನಾನು ಗೆದ್ದೆನೆಂದುಕೊಂಡಿದ್ದೆ. ಆದರೆ ಅವರ ಉಪವಾಸದಲ್ಲಿ ಸಿಗಡಿ, ಕಪ್ಪೆಚಿಪ್ಪು, ಕಲಮಾರಿಗೆ ನಿಷೇಧವಿಲ್ಲ! ಆದ್ದರಿಂದ 'ಹೋರಿಸ್ ಕ್ರೇಯಸ್', ಅಂದರೆ ಮಾಂಸವಿಲ್ಲದೆ, 'ಹೋರಿಸ್ ಪ್ಸಾರಿ', ಅಂದರೆ ಮೀನಿಲ್ಲದೆ ಎಂಬ ಎರಡನ್ನೂ ಹೇಳಿ, ಅದರ ಮೇಲೆ ಬೆರಳು ತೋರಿಸಿ ಇದೇನೆಂದು ಕೇಳಿ.

ಅಮ್ಮ ಇದಾವುದರ ಗೊಡವೆಗೂ ಹೋಗಲಿಲ್ಲ. ಬೆಳಗ್ಗೆ ನನ್ನ ಅಡುಗೆಮನೆಯಲ್ಲಿ ಮಾಡಿದ ಚಪಾತಿ, ಊರಿನಿಂದ ತಂದ ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಜಾಡಿಯ ಮುಚ್ಚಳ ತೆಗೆದೊಡನೆ ಪಕ್ಕದ ಮೇಜಿನ ಕಪ್ಪು ಉಡುಪಿನ ಅಜ್ಜಿ ಮೂಗೆತ್ತಿದರು. ನನಗೆ ಮುಜುಗರ. ಅಜ್ಜಿ ತಮ್ಮ ಚೀಲದಿಂದ ಡಬ್ಬಿಯೊಂದನ್ನು ತೆಗೆದು ಮನೆಯ ಆಲಿವ್ ಕಾಯಿಗಳನ್ನು ಅಮ್ಮನ ಮುಂದಿಟ್ಟರು. ಅಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು, ಬೀಜದವರೆಗೂ ಚೀಪಿ, "ಉಪ್ಪು ಸರಿಯಾಗಿದೆ, ಖಾರ ಹಾಕಲು ಮರೆತಿದ್ದಾರೆ" ಎಂದು ತೀರ್ಪು ಕೊಟ್ಟರು. ಮಿಡಿ ತಿಂದ ಅಜ್ಜಿಯ ತೀರ್ಪು ನನಗೆ ಅರ್ಥವಾಗಲಿಲ್ಲ. ನೀರು ಮಾತ್ರ ಎರಡು ಲೋಟ ಕುಡಿದರು.

ಗಾಳಿಯ ಬಗ್ಗೆ. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಮೆಲ್ತೇಮಿ ಬೀಸುತ್ತದೆ. ಆಕಾಶ ತಿಳಿಯಾಗಿಯೇ ಇರುತ್ತದೆ, ಅದೇ ಮೋಸ. ನಮ್ಮ ಮುಂಗಾರಿನಂತೆ ಮೋಡ ಕಟ್ಟಿ ಎಚ್ಚರಿಸುವುದಿಲ್ಲ. ಕ್ರೀಟ್‌ಗೆ ಹೋಗುವಾಗ ಆ ಗಾಳಿ ಬೆನ್ನಿಗೆ, ಮರಳುವಾಗ ಎದೆಗೆ. ಇನ್ನೂರು ಮೀಟರಿನ ಆಸುಪಾಸು ಉದ್ದದ ಹಡಗುಗಳಾದ್ದರಿಂದ ಸಣ್ಣ ಗಾಳಿಗೆ ಅಲುಗುವುದಿಲ್ಲ. ಹಾಗಿದ್ದರೂ ಹೊಟ್ಟೆ ತೊಳಸುವವರು ಕ್ಯಾಬಿನ್ ಆರಿಸುವಾಗ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಕೇಳಿ. ವಾಂತಿಯ ಮಾತ್ರೆಯನ್ನು ತೊಳಸಲು ಶುರುವಾದ ಮೇಲೆ ನುಂಗಿ ಫಲವಿಲ್ಲ, ಹೊರಡುವ ಗಂಟೆ ಮೊದಲೇ ನುಂಗಬೇಕು. ಬೇರೆ ಔಷಧಿ ನಡೆಯುತ್ತಿರುವ ಹಿರಿಯರು ಊರಿನ ವೈದ್ಯರನ್ನು ಕೇಳಿ ತಂದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿರಬೇಡಿ. ಕಂಬಳಿಯನ್ನೋ ದಪ್ಪ ಶಾಲನ್ನೋ ಬೇಸಿಗೆಯಲ್ಲೂ ಒಯ್ಯಿರಿ. ಹೊರಗಿನ ಡೆಕ್ಕಿನ ಗಾಳಿಗಿಂತ ಒಳಗಿನ ಎಸಿ ಕ್ರೂರ.

ಗಾಳಿ ಅದರ ಜೋರನ್ನು ಅಳೆಯುವ ಬ್ಯೂಫೋರ್ಟ್ ಮಾಪನದಲ್ಲಿ ಸುಮಾರು ಎಂಟಕ್ಕೆ ಏರಿದರೆ ಬಂದರು ಅಧಿಕಾರಿಗಳು ಹಡಗುಗಳನ್ನು ತಡೆಯುತ್ತಾರೆ. ಆಗ ಎಲ್ಲರ ಬಾಯಲ್ಲೂ 'ಅಪಗೊರೆಫ್ತಿಕೊ' ಎಂಬ ಒಂದೇ ಪದ: ನಿಷೇಧ. ನಾವಿಕರ ಮುಷ್ಕರದ ದಿನವೂ ಹಡಗು ಕದಲುವುದಿಲ್ಲ. ಯುರೋಪ್ ಒಕ್ಕೂಟದ ನಿಯಮದ ಪ್ರಕಾರ ಪ್ರಯಾಣ ರದ್ದಾದರೆ, ಅಥವಾ ಹೊರಡುವುದು 90 ನಿಮಿಷಕ್ಕಿಂತ ಹೆಚ್ಚು ತಡವಾದರೆ, ಹಣ ವಾಪಸ್ ಅಥವಾ ಬೇರೆ ಹಡಗು, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ನಿಮ್ಮದು. ಕೌಂಟರಿನಲ್ಲಿ ವೋಚರ್ ಚಾಚಿದರೆ ಹಣವೇ ಬೇಕೆಂದು ಹೇಳಬಹುದು. ಆದರೆ ಹವಾಮಾನದಿಂದ ನಿಂತರೆ ಹೋಟೆಲ್ ಖರ್ಚನ್ನು ಅವರು ಕೊಡಬೇಕಾಗಿಲ್ಲ. ಆದ್ದರಿಂದ ಕ್ರೀಟ್‌ನಿಂದ ಮರಳಿದ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ನಡುವೆ ಒಂದು ರಾತ್ರಿ ಖಾಲಿ ಬಿಡಿ. ಬೇಸಿಗೆಯಲ್ಲಿ ನೀರಿಳಿದು ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿದ ದಿನಗಳನ್ನು ಕಂಡ ನಮ್ಮೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಮದುವೆಗೆ ಎರಡು ದಿನ ಮೊದಲೇ ಹೋಗಿ ಕೂರುತ್ತಿದ್ದರು.

ಹೊರಡುವ ಹೊತ್ತಿಗೆ ಎಲ್ಲರನ್ನೂ ಮೇಲಿನ ಡೆಕ್ಕಿಗೆ ಕರೆದುಕೊಂಡು ಹೋಗಿ, ಪಿರೇಯಸ್‌ನ ದೀಪಗಳು ಹಿಂದೆ ಸರಿಯುವವರೆಗೆ ನಿಲ್ಲಿ. ಆಮೇಲೆ ನೋಡಲು ಏನೂ ಇಲ್ಲ, ಮಲಗಿ. ಬೆಳಗಿನ ಜಾವ ಧ್ವನಿವರ್ಧಕ ಕೂಗುತ್ತದೆ, ಸಿಬ್ಬಂದಿ ಬಾಗಿಲು ಬಡಿಯುತ್ತಾರೆ. ಇನ್ನೂ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಇರುತ್ತದೆ, ಹೌಹಾರಬೇಡಿ. ಅಪ್ಪಯ್ಯ ಮಾತ್ರ ಮೊದಲ ಬಡಿತಕ್ಕೇ ಚೀಲ ಹೆಗಲಿಗೇರಿಸಿ ಕೆಳಗಿಳಿದು, ಬಾಗಿಲು ಇಳಿಯುವ ಜಾಗದಲ್ಲಿ ಎಲ್ಲರಿಗಿಂತ ಮುಂದೆ ಲಾರಿ ಚಾಲಕರ ನಡುವೆ ನಿಂತಿದ್ದರು.

ಹೆರಾಕ್ಲಿಯನ್‌ನಲ್ಲಿ ಇಳಿದ ಮೇಲೆ ಹೋಟೆಲ್ ಕೋಣೆ ಮಧ್ಯಾಹ್ನದವರೆಗೆ ಸಿಗುವುದಿಲ್ಲ. ಸಾಮಾನು ಇಟ್ಟುಕೊಳ್ಳಿ ಎಂದು ಮೊದಲೇ ಬರೆದಿಡಿ. ಬಲಕ್ಕೆ ದಂಡೆ ಹಿಡಿದು ಇಪ್ಪತ್ತು ನಿಮಿಷ ನಡೆದರೆ ವೆನಿಸಿನವರು ಕಟ್ಟಿದ ಕೂಲೆಸ್ ಕೋಟೆ, ಹಳೆಯ ಬಂದರು. ಅಲ್ಲಿಂದ ಮೇಲಕ್ಕೇರುವ '25 ಆಗಸ್ಟ್' ಬೀದಿಯ ತುದಿಯಲ್ಲಿ ಸಿಂಹಗಳ ಕಾರಂಜಿ, 1628ರದ್ದು. ಅದರ ಎದುರಿನ ಅಂಗಡಿಗಳಲ್ಲಿ ಬೆಳಗ್ಗೆಯೇ ಬೂಗಾಚ ಸಿಗುತ್ತದೆ, ಚಿರೋಟಿಯ ಪದರಿನಂಥ ತೆಳು ಹಾಳೆಯೊಳಗೆ ಹೂರಣ. ಒಂದು ಕೆನೆಯದು, ಒಂದು ಚೀಸಿನದು. ಕೆನೆಯದರಲ್ಲಿ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ಚೀಸಿನದನ್ನು ಕೇಳಿ. ಕ್ನೋಸೋಸ್‌ಗೆ 2ನೇ ನಂಬರಿನ ಬಸ್, ಐದು ಕಿಲೋಮೀಟರ್. ಬಿಸಿಲೇರುವ ಮೊದಲು ಹೋಗಿ, ಅಲ್ಲಿ ನೆರಳು ಕಡಿಮೆ.